ಬೀಡಿ ಮುಟ್ಟದ ಅಕ್ಕನಿಗೆ ಈ ಕಾಯಿಲೆ ಏಕೆ ಬಂತು?

ಯಾರಿಗಾದರೂ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ನಮ್ಮ ಬಾಯಿಗೆ ಬರುವ ಮೊದಲ ಪ್ರಶ್ನೆ, "ಅವರು ಸೇದುತ್ತಿದ್ದರಾ?" ಎಂಬುದು. ಹೌದೆಂದರೆ, "ಮತ್ತೆ ಇನ್ನೇನಾಗುತ್ತೆ?" ಎಂದು ತಲೆಯಾಡಿಸುತ್ತೇವೆ. ಇಲ್ಲವೆಂದರೆ ಅಷ್ಟು ಸುಲಭವಾಗಿ ನಂಬುವುದಿಲ್ಲ. ನಂಬಿದರೂ ಸುಮ್ಮನಿರದೆ ಯಾರ ಶಾಪವೋ, ಯಾವ ಪಾಪದ ಫಲವೋ ಎಂದು ಕಾರಣ ಹುಡುಕುತ್ತೇವೆ. ಹೀಗೆ ಕಾಯಿಲೆ ಬಿದ್ದವರು ಕಾಯಿಲೆಯ ಜೊತೆಗೆ ಊರವರ ಮಾತನ್ನೂ ಹೊರಬೇಕಾಗುತ್ತದೆ. ಪ್ರಿಯ ಓದುಗರೇ, ಈ ವಿಷಯದಲ್ಲಿ ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು, ನಾನು ಹತ್ತಿರದಿಂದ ಕಂಡ ಒಂದು ಮನೆಯ ಕಥೆಯ ಜೊತೆಗೆ ನಿಮ್ಮ ಮುಂದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಮ್ಮ ಯಜಮಾನರು ಬ್ಯಾಂಕ್ ನೌಕರರು. 2015ರಲ್ಲಿ ಅವರಿಗೆ ತಮಿಳುನಾಡಿನ ಆಂಡಿಪಟ್ಟಿಗೆ ವರ್ಗವಾಯಿತು. ಮದುರೈಯಿಂದ ಉಸಿಲಂಪಟ್ಟಿ ದಾಟಿ, ಬೆಟ್ಟದ ಕಣಿವೆಯೊಂದನ್ನು ಹಾದು ತೇನಿಗೆ ಹೋಗುವ ದಾರಿಯಲ್ಲಿ ಸಿಗುವ ಊರದು. ಮಕ್ಕಳ ಓದು ಮುಗಿದಿತ್ತು. ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿಯ ಕೆಲಸಕ್ಕೆ ಸ್ವಯಂ ನಿವೃತ್ತಿ ಪಡೆದು ಅವರ ಜೊತೆ ಹೊರಟೆ. ಭಾಷೆ ಬಾರದ ಊರಿನಲ್ಲಿ ಹೇಗಪ್ಪಾ ದಿನ ಕಳೆಯುವುದು ಎಂಬ ಚಿಂತೆಯಲ್ಲಿದ್ದವಳಿಗೆ, ಹೋದ ಎರಡನೆಯ ದಿನವೇ ಪಕ್ಕದ ಮನೆಯ ಹಿತ್ತಿಲಿನಿಂದ ಕನ್ನಡ ಕೇಳಿಸಿತು! ಕಂಬಂ ಕಣಿವೆಯಲ್ಲಿ ಕಪ್ಪಿಲಿಯರ್ ಎಂದು ಕರೆಸಿಕೊಳ್ಳುವ ಒಕ್ಕಲಿಗರಿದ್ದಾರೆ. ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಹೋದವರು. ಹೊರಗೆ ತಮಿಳು, ಮನೆಯೊಳಗೆ ಕನ್ನಡ. ಪಕ್ಕದ ಮನೆಯ ಅಕ್ಕ ಕಂಬಂ ಕಡೆಯಿಂದ ಆಂಡಿಪಟ್ಟಿಗೆ ಮದುವೆಯಾಗಿ ಬಂದವರು. ಅವರ ಕನ್ನಡದಲ್ಲಿ ತಮಿಳು ಧಾರಾಳವಾಗಿ ಬೆರೆತಿದ್ದರೂ ನಮ್ಮ ಮಾತಿಗೆ ಅಡ್ಡಿಯಾಗಲಿಲ್ಲ. ನಾನು ಅವರಿಗೆ "ಟೀಚರಮ್ಮ" ಆದೆ, ಅವರು ನನಗೆ "ಅಕ್ಕ" ಆದರು.

ಅಕ್ಕನಿಗೆ ಆಗ ಐವತ್ತರ ಆಸುಪಾಸು. ಬೀಡಿ ಸಿಗರೇಟಿನ ಮಾತಿರಲಿ, ಎಲೆ ಅಡಿಕೆಯನ್ನೂ ಹಾಕುತ್ತಿರಲಿಲ್ಲ. ಬೆಳಗಿನ ಜಾವ ಎದ್ದು ಎರಡು ಹಸುಗಳ ಹಾಲು ಕರೆದು, ಅಡುಗೆ ಮಾಡಿಟ್ಟು ಹೊಲಕ್ಕೆ ಹೋಗುವ ಗಟ್ಟಿ ಹೆಣ್ಣುಮಗಳು. 2017ರ ಮಳೆಗಾಲದಲ್ಲಿ ಅವರಿಗೆ ಒಣಕೆಮ್ಮು ಹಿಡಿಯಿತು. ಶುಂಠಿ, ಮೆಣಸು, ಕಷಾಯ ಎಲ್ಲ ಆಯಿತು. ಹತ್ತಿರದ ಪಟ್ಟಣದ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದು, ಮಚ್ಚೆ ಕಾಣುತ್ತಿದೆ, ಟಿ.ಬಿ. ಇರಬಹುದು ಎಂದರು. ಎರಡು ಸಲ ಕಫ ಪರೀಕ್ಷೆ ಮಾಡಿದರೂ ಕ್ರಿಮಿ ಕಾಣಲಿಲ್ಲ. ಆದರೂ ಟಿ.ಬಿ. ಮಾತ್ರೆ ಶುರುವಾಯಿತು. ಮೂರು ತಿಂಗಳು ನುಂಗಿದರೂ ಕೆಮ್ಮು ನಿಲ್ಲಲಿಲ್ಲ. ಅಕ್ಕ ಬತ್ತುತ್ತಾ ಹೋದರು. ಮೆಟ್ಟಿಲು ಹತ್ತಿದರೆ ಏದುಸಿರು. ಕೊನೆಗೆ ಮಗ ಅವರನ್ನು ಮದುರೈಗೆ ಕರೆದುಕೊಂಡು ಹೋದ. ಅಲ್ಲಿ ಸ್ಕ್ಯಾನ್ ಮಾಡಿ, ಶ್ವಾಸಕೋಶದ ಸುತ್ತ ತುಂಬಿದ್ದ ನೀರನ್ನು ತೆಗೆದು, ಗಡ್ಡೆಯ ಚೂರನ್ನು ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ ಅಡಿನೋಕಾರ್ಸಿನೋಮ, ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆ. ಆಗಲೇ ನಾಲ್ಕನೆಯ ಹಂತ, ಶಸ್ತ್ರಚಿಕಿತ್ಸೆಗೆ ಅವಕಾಶವಿರಲಿಲ್ಲ.

ಸುದ್ದಿ ತಿಳಿದ ಮೇಲೆ ನೆಂಟರು ಬಂದರು, ಮಾತುಗಳೂ ಬಂದವು. ಅದೇ ಹೊತ್ತಿಗೆ ವೈದ್ಯರು, ಅದೇ ಚೂರಿನ ಮೇಲೆ ಇ.ಜಿ.ಎಫ್.ಆರ್. ಎಂಬ ಇನ್ನೊಂದು ಪರೀಕ್ಷೆ ಆಗಬೇಕು, ಹತ್ತು ದಿನ ಕಾಯಬೇಕು ಎಂದರು. ಮಗ ಆ ಚೀಟಿ ಹಿಡಿದು ನಮ್ಮ ಮನೆಗೆ ಬಂದ. "ಟೀಚರಕ್ಕಾ, ಕ್ಯಾನ್ಸರ್ ಅಂತ ಗೊತ್ತಾಯ್ತಲ್ಲ, ಇನ್ನೂ ಎಂಥಾ ಪರೀಕ್ಷೆ? ದುಡ್ಡು ಕೀಳೋಕೆ ತಾನೆ?" ಎಂದು ಕೇಳಿದ. ಆ ಹುಡುಗನಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಆಂಡಿಪಟ್ಟಿಯ ಹತ್ತಿರವೇ ವೈಗೈ ಅಣೆಕಟ್ಟೆ ಇದೆ. 1959ರಲ್ಲಿ ಕಟ್ಟಿ ಮುಗಿಸಿದ್ದು. ಅದರ ಪೂರ್ಣ ಮಟ್ಟ 71 ಅಡಿ. ನೀರು 66 ಅಡಿ ಮುಟ್ಟಿದಾಗ ನದಿಯ ಕೆಳದಂಡೆಯ ಜನರಿಗೆ ಮೊದಲ ಎಚ್ಚರಿಕೆ, 68.5 ಅಡಿಗೆ ಎರಡನೆಯದು, 69 ಅಡಿಗೆ ಮೂರನೆಯದು. ಮಟ್ಟ ನೋಡುವವರು ಎಂಜಿನಿಯರಿಗೆ ಹೇಳಬೇಕು, ಎಂಜಿನಿಯರು ಮೇಲಧಿಕಾರಿಗೆ, ಅಲ್ಲಿಂದ ಜಿಲ್ಲೆಗಳಿಗೆ ಸುದ್ದಿ ಹೋಗಬೇಕು, ಆಮೇಲೆ ತೂಬು ತೆರೆಯಬೇಕು. ಎಲ್ಲವೂ ಒಬ್ಬರಿಂದೊಬ್ಬರಿಗೆ ಸಂದೇಶ ದಾಟಿಸುವ ಕೆಲಸ.

ನಮ್ಮ ದೇಹದ ಜೀವಕೋಶಗಳಲ್ಲೂ ಇಂಥದ್ದೇ ಏರ್ಪಾಡಿದೆ. ಜೀವಕೋಶವೊಂದು ಒಡೆದು ಎರಡಾಗಬೇಕೇ, ಸುಮ್ಮನಿರಬೇಕೇ ಎಂಬುದನ್ನು ಅದು ತನ್ನಷ್ಟಕ್ಕೆ ತೀರ್ಮಾನಿಸುವುದಿಲ್ಲ. ಹೊರಗಿನಿಂದ ಸಂದೇಶ ಬರಬೇಕು. ಗಾಯ ಮಾಯಬೇಕಾದಾಗ, ಸವೆದ ಒಳಪದರ ಮತ್ತೆ ಬೆಳೆಯಬೇಕಾದಾಗ 'ಬೆಳೆ' ಎಂಬ ಸಂದೇಶ ಹೊತ್ತ ಪುಟ್ಟ ಪ್ರೋಟೀನುಗಳು ಬರುತ್ತವೆ. ಅವನ್ನು ಗುರುತಿಸಲು ಜೀವಕೋಶದ ಹೊರಪೊರೆಯ ಮೇಲೆ ಇನ್ನೊಂದು ಪ್ರೋಟೀನು ಕಾದು ನಿಂತಿರುತ್ತದೆ. ಅದೇ ಈ ಇ.ಜಿ.ಎಫ್.ಆರ್. ಇದನ್ನು ಅಣೆಕಟ್ಟೆಯ ಮಟ್ಟ ನೋಡುವ ಅಳತೆಗೋಲು ಎಂದುಕೊಳ್ಳಿ. ಸಂದೇಶ ಬಂದು ತಾಗಿದೊಡನೆ ಅದು ಎಚ್ಚೆತ್ತು ಒಳಗಿನವರಿಗೆ ಸುದ್ದಿ ಕೊಡುತ್ತದೆ. ಒಳಗೆ ರಾಸ್, ರಾಫ್, ಮೆಕ್, ಎರ್ಕ್ ಎಂಬ ಹೆಸರಿನ ಪ್ರೋಟೀನುಗಳ ಸಾಲಿದೆ. ಹೆಚ್ಚಿನ ಕಡೆ ಒಂದು ಇನ್ನೊಂದಕ್ಕೆ ಫಾಸ್ಫೇಟ್ ಎಂಬ ಚಿಕ್ಕ ಗುರುತನ್ನು ಅಂಟಿಸಿ ಎಬ್ಬಿಸುತ್ತದೆ. ಕೊನೆಗೆ ಸುದ್ದಿ ಜೀವಕೋಶದ ಕೇಂದ್ರವನ್ನು ಮುಟ್ಟಿ, ಜೀವಕೋಶ ಒಡೆದು ಎರಡಾಗುತ್ತದೆ. ಕೆಲಸ ಮುಗಿದ ಮೇಲೆ ಈ ಗುರುತುಗಳನ್ನು ಅಳಿಸುವ ಪ್ರೋಟೀನುಗಳೂ ಇವೆ. ಆಗ ಎಲ್ಲ ಶಾಂತವಾಗುತ್ತದೆ.

ಈ ಅಳತೆಗೋಲೇ ಕೆಟ್ಟರೆ? ಅಣೆಕಟ್ಟೆಯಲ್ಲಿ ನೀರು ತಳದಲ್ಲಿದ್ದರೂ ಮುಳ್ಳು 69ರಲ್ಲೇ ಸಿಕ್ಕಿಕೊಂಡರೆ? ಹಗಲೂ ರಾತ್ರಿ ಎಚ್ಚರಿಕೆ ಹೋಗುತ್ತದೆ, ತೂಬು ತೆರೆದೇ ಇರುತ್ತದೆ. ಇ.ಜಿ.ಎಫ್.ಆರ್. ಪ್ರೋಟೀನನ್ನು ತಯಾರಿಸುವ ವಂಶವಾಹಿಯಲ್ಲಿ ಒಂದು ಸಣ್ಣ ತುಂಡು ಬಿಟ್ಟುಹೋದರೆ ಅಥವಾ ಒಂದೇ ಒಂದು ಅಕ್ಷರ ಬದಲಾದರೆ ಹೀಗೇ ಆಗುತ್ತದೆ. ಯಾರೂ ಹೇಳದಿದ್ದರೂ ಅದು 'ಬೆಳೆ, ಬೆಳೆ' ಎಂದು ಕೂಗುತ್ತಲೇ ಇರುತ್ತದೆ. ಜೀವಕೋಶಗಳು ಲೆಕ್ಕವಿಲ್ಲದೆ ಬೆಳೆದು ಗಡ್ಡೆಯಾಗುತ್ತವೆ. ಈ ದೋಷ ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವಂಥದ್ದೂ ಅಲ್ಲ. ಬಹುಪಾಲು ಮಂದಿಯಲ್ಲಿ ಇದು ಬದುಕಿನ ನಡುವೆ, ಶ್ವಾಸಕೋಶದ ಯಾವುದೋ ಒಂದು ಜೀವಕೋಶದಲ್ಲಿ ಆದ ತಪ್ಪು.

ಈ ತಿಳಿವಳಿಕೆ ಒಂದೇ ದಿನದಲ್ಲಿ ಬಂದದ್ದಲ್ಲ. ಅಮೆರಿಕದ ಸ್ಟಾನ್ಲಿ ಕೊಹೆನ್ ಎಂಬ ವಿಜ್ಞಾನಿ ಇಲಿಯ ಲಾಲಾಗ್ರಂಥಿಯಿಂದ ತೆಗೆದ ಒಂದು ಪ್ರೋಟೀನನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ, ಅವು ಉಳಿದ ಮರಿಗಳಿಗಿಂತ ಬೇಗನೆ ಕಣ್ಣು ತೆರೆದವು. ಚರ್ಮದ ಬೆಳವಣಿಗೆಯನ್ನು ಚುರುಕುಗೊಳಿಸುವ ಆ ಪ್ರೋಟೀನಿನ ವಿವರವನ್ನು ಅವರು 1962ರಲ್ಲಿ ಪ್ರಕಟಿಸಿದರು. ಅದೇ ಇ.ಜಿ.ಎಫ್. ಅದನ್ನು ಹಿಡಿಯುವ ಪ್ರೋಟೀನೇ ಇ.ಜಿ.ಎಫ್.ಆರ್. ಕೊಹೆನ್‌ರಿಗೂ ಇಟಲಿಯ ರೀಟಾ ಲೆವಿ ಮೊಂಟಾಲ್ಚಿನಿಯವರಿಗೂ 1986ರಲ್ಲಿ ನೊಬೆಲ್ ಬಹುಮಾನ ಬಂತು. ಇಲಿಮರಿಗಳ ಕಣ್ಣುರೆಪ್ಪೆಯಿಂದ ಆರಂಭವಾದ ಈ ಹುಡುಕಾಟ ಒಂದು ದಿನ ಆಂಡಿಪಟ್ಟಿಯ ರೈತ ಕುಟುಂಬವೊಂದರ ಬಾಗಿಲಿಗೆ ಬರುತ್ತದೆಂದು ಯಾರು ಊಹಿಸಿದ್ದರು?

ಗೆಫಿಟಿನಿಬ್ ಎಂಬ ಮಾತ್ರೆ 2002ರಲ್ಲಿ ಜಪಾನಿನಲ್ಲೂ 2003ರಲ್ಲಿ ಅಮೆರಿಕದಲ್ಲೂ ಬಳಕೆಗೆ ಬಂತು. ಇ.ಜಿ.ಎಫ್.ಆರ್. ಕೂಗಬೇಕಾದರೆ ಎ.ಟಿ.ಪಿ. ಎಂಬ ಇಂಧನ ಅದರ ಒಂದು ಗೂಡಿನಲ್ಲಿ ಬಂದು ಕೂರಬೇಕು. ಈ ಮಾತ್ರೆ ಹೋಗಿ ಆ ಗೂಡಿನಲ್ಲಿ ತಾನೇ ಕುಳಿತುಬಿಡುತ್ತದೆ, ಕೂಗು ನಿಲ್ಲುತ್ತದೆ. ಆದರೆ ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರಿಗಷ್ಟೇ ಗುಣ ಕಂಡಿತು, ಅವರಿಗೋ ಪವಾಡದಂತೆ ಗುಣ ಕಂಡಿತು. ಏಕೆಂದು 2004ರಲ್ಲಿ ಬೋಸ್ಟನ್ ಮತ್ತು ನ್ಯೂಯಾರ್ಕಿನ ವಿಜ್ಞಾನಿಗಳು ಕಂಡುಹಿಡಿದರು: ಗುಣ ಕಂಡವರ ಗಡ್ಡೆಯಲ್ಲಿ ಇ.ಜಿ.ಎಫ್.ಆರ್. ಕೆಟ್ಟಿತ್ತು, ಉಳಿದವರಲ್ಲಿ ಕೆಟ್ಟಿದ್ದು ಬೇರೆ ಯಾವುದೋ. ಈ ದೋಷ ಸೇದದವರಲ್ಲಿ, ಹೆಂಗಸರಲ್ಲಿ, ಏಷ್ಯಾದ ಜನರಲ್ಲಿ ಹೆಚ್ಚು. ನಮ್ಮ ದೇಶದಲ್ಲಿ ಅಡಿನೋಕಾರ್ಸಿನೋಮ ಇರುವವರಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜನರಲ್ಲಿ ಇದು ಕಾಣುತ್ತದೆ. 2009ರಲ್ಲಿ ಪೂರ್ವ ಏಷ್ಯಾದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಇನ್ನೊಂದು ಮುಖ್ಯ ಸಂಗತಿ ಹೊರಬಿತ್ತು. ದೋಷ ಇದ್ದವರಿಗೆ ಕೀಮೋಥೆರಪಿಗಿಂತ ಈ ಮಾತ್ರೆ ಮೇಲು. ದೋಷ ಇಲ್ಲದವರಿಗೆ ಮಾತ್ರೆ ಕೊಟ್ಟರೆ ಕೀಮೋಥೆರಪಿ ಪಡೆದವರಿಗಿಂತ ಬೇಗನೆ ಕಾಯಿಲೆ ಹೆಚ್ಚುತ್ತದೆ. ಆದ್ದರಿಂದಲೇ ಪರೀಕ್ಷೆ ಮೊದಲು, ಮಾತ್ರೆ ಆಮೇಲೆ. "ದುಡ್ಡು ಕೀಳೋಕಲ್ಲ ಮಗಾ, ಯಾವ ತಂತಿ ಕೆಟ್ಟಿದೆ ಅಂತ ನೋಡೋಕೆ," ಎಂದೆ. ಅವನು ಪರೀಕ್ಷೆಗೆ ಹಣ ಕಟ್ಟಿದ.

ಉತ್ತರ ಬಂತು. ಅಕ್ಕನ ಗಡ್ಡೆಯಲ್ಲಿ ಇ.ಜಿ.ಎಫ್.ಆರ್. ವಂಶವಾಹಿಯ 19ನೆಯ ಭಾಗದಲ್ಲಿ ಒಂದು ತುಂಡು ಬಿಟ್ಟುಹೋಗಿತ್ತು. ದಿನಕ್ಕೊಂದು ಗೆಫಿಟಿನಿಬ್ ಮಾತ್ರೆ, 250 ಮಿಲಿಗ್ರಾಂ. ನಮ್ಮ ದೇಶದ ಕಂಪನಿಗಳೇ ತಯಾರಿಸುತ್ತಿದ್ದುದರಿಂದ ತಿಂಗಳಿಗೆ ಕೆಲವು ಸಾವಿರ ರೂಪಾಯಿಗಳಲ್ಲಿ ಸಿಗುತ್ತಿತ್ತು. 2015ರಲ್ಲೇ ಅದು ಭಾರತದ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿತ್ತು. ಮೂರು ವಾರದಲ್ಲಿ ಕೆಮ್ಮು ಇಳಿಯಿತು. ಎರಡು ತಿಂಗಳಿಗೆ ಅಕ್ಕ ಮತ್ತೆ ಹಸುವಿನ ಹತ್ತಿರ ಕೂತು ಹಾಲು ಕರೆಯುವುದನ್ನು ನೋಡಿದೆ. ಅಷ್ಟರಲ್ಲಿ ಅವರ ಮುಖದ ತುಂಬ ಗುಳ್ಳೆಗಳೆದ್ದವು. ಅಮ್ಮ ಬಂದಿದೆ ಎಂದು ಬೀದಿಯ ಹೆಂಗಸರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಾತ್ರೆ ನಿಲ್ಲಿಸಿ ಎಂದರು. ಅದು ಮಾತ್ರೆಯ ಪರಿಣಾಮ. ಇ.ಜಿ.ಎಫ್.ಆರ್. ನಮ್ಮ ಚರ್ಮದಲ್ಲೂ ಕರುಳಿನಲ್ಲೂ ತನ್ನ ಒಳ್ಳೆಯ ಕೆಲಸ ಮಾಡುತ್ತಿರುತ್ತದೆ. ಮಾತ್ರೆ ಅಲ್ಲೂ ಅದನ್ನು ತಡೆಯುವುದರಿಂದ ಗುಳ್ಳೆ ಏಳುತ್ತವೆ, ಭೇದಿಯಾಗುತ್ತದೆ. ವೈದ್ಯರು ಮುಲಾಮು ಕೊಟ್ಟರು, ಮಾತ್ರೆ ಮುಂದುವರಿಯಿತು. ಬೇವಿನ ಸೊಪ್ಪನ್ನು ಅಕ್ಕ ತೆಗೆಸಲಿಲ್ಲ. "ಪ್ರೀತಿಯಿಂದ ಕಟ್ಟಿದ್ದಾರೆ, ಇರಲಿ," ಎಂದರು.

ಒಂದು ಸಂಜೆ ಅಕ್ಕನ ಯಜಮಾನರು ನಮ್ಮ ಜಗಲಿಗೆ ಬಂದು ಕುಳಿತರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಟೀಚರಮ್ಮ, ನನ್ನ ಬೀಡಿ ಹೊಗೆಯಿಂದಲೇ ಅವಳಿಗೆ ಹೀಗಾಯ್ತಾ?" ಎಂದು ಕೇಳಿದರು. ಮೂವತ್ತು ವರ್ಷ ಆ ಮನೆಯಲ್ಲಿ ಬೀಡಿ ಸೇದಿದವರು. ಆ ಸೀಮೆಯಲ್ಲಿ ಹೊಗೆಸೊಪ್ಪು ಹೊಸದಲ್ಲ. ಪಕ್ಕದ ದಿಂಡಿಗಲ್ ಜಿಲ್ಲೆ ಹಿಂದಿನಿಂದಲೂ ಚುಟ್ಟಾಗಳಿಗೆ ಹೆಸರಾದದ್ದು. ಅಲ್ಲಿನ ವೇಡಸಂದೂರಿನಲ್ಲಿ 1948ರಿಂದ ಹೊಗೆಸೊಪ್ಪಿನ ಸಂಶೋಧನಾ ಕೇಂದ್ರವೇ ಇದೆ. ಅವರ ಮುಖ ನೋಡಿ ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ, ಅಪರಾಧಿ ಎನ್ನಲೂ ಆಗಲಿಲ್ಲ. ಮದುರೈಯ ವೈದ್ಯರನ್ನೇ ಕೇಳಿ ಎಂದೆ.

ಮುಂದಿನ ಭೇಟಿಯಲ್ಲಿ ಕೇಳಿದರು. ವೈದ್ಯರು ನಿಧಾನವಾಗಿ ವಿವರಿಸಿದರಂತೆ. ಸೇದುವವರ ಶ್ವಾಸಕೋಶದಲ್ಲಿ ಹೆಚ್ಚಾಗಿ ಕೆಡುವುದು ಸಾಲಿನ ನಡುವಿನ ರಾಸ್ ಗುಂಪಿನ ಕೆರಾಸ್ ಎಂಬ ಪ್ರೋಟೀನು. ಹೊಗೆಯಲ್ಲಿರುವ ವಿಷವಸ್ತುಗಳು ವಂಶವಾಹಿಗೆ ಅಂಟಿಕೊಂಡು ಅಲ್ಲಿ ತಪ್ಪು ಮಾಡಿಸುತ್ತವೆ. ಅಕ್ಕನಲ್ಲಿ ಕಂಡ ದೋಷ ಹೊಗೆಯ ನಂಟಿಲ್ಲದವರಲ್ಲೇ ಹೆಚ್ಚು. ಹಾಗೆಂದು ಇನ್ನೊಬ್ಬರು ಬಿಟ್ಟ ಹೊಗೆ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದೂ ಸಾಬೀತಾದ ವಿಷಯ. ಸೌದೆ ಒಲೆಯ ಹೊಗೆಯ ಮೇಲೂ ಸಂಶಯವಿದೆ. ವಾಯುಮಾಲಿನ್ಯವನ್ನಂತೂ 2013ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕಾರಣಗಳ ಪಟ್ಟಿಗೆ ಸೇರಿಸಿತು. ಒಬ್ಬ ವ್ಯಕ್ತಿಯಲ್ಲಿ ಇದರಿಂದಲೇ ಬಂತು ಎಂದು ಬೆರಳು ತೋರಿಸಲು ಯಾವ ವೈದ್ಯರಿಂದಲೂ ಆಗದು. "ನಡೆದದ್ದಕ್ಕೆ ಕೊರಗಬೇಡಿ, ಮೊಮ್ಮಕ್ಕಳಿಗಾಗಿ ಬೀಡಿ ಬಿಡಿ," ಎಂದರಂತೆ. ಅವರು ಅಂದೇ ಬಿಟ್ಟರು. ಮಗ ಅಡುಗೆಮನೆಗೆ ಗ್ಯಾಸ್ ಒಲೆ ತಂದ.

ಅಕ್ಕನಿಗೆ ಒಟ್ಟು ಹದಿನಾರು ತಿಂಗಳು ಒಳ್ಳೆಯ ದಿನಗಳು ಸಿಕ್ಕವು. ಮೊಮ್ಮಗಳ ಕಿವಿ ಚುಚ್ಚಿಸಿದರು, ತವರಿಗೆ ಎರಡು ಸಲ ಹೋಗಿಬಂದರು. 2019ರ ಬೇಸಿಗೆಯಲ್ಲಿ ಕೆಮ್ಮು ಮರಳಿತು. ಕ್ಯಾನ್ಸರ್ ಜೀವಕೋಶಗಳೂ ಸುಮ್ಮನಿರುವುದಿಲ್ಲ. ಮಾತ್ರೆ ಕೂರುವ ಗೂಡಿನ ಆಕಾರವನ್ನೇ ಬದಲಾಯಿಸುವ ಇನ್ನೊಂದು ದೋಷ ಕೆಲವು ಜೀವಕೋಶಗಳಲ್ಲಿ ಇರುತ್ತದೆ, ಇಲ್ಲವೇ ಆಮೇಲೆ ಹುಟ್ಟುತ್ತದೆ. ಮಾತ್ರೆಗೆ ಬಗ್ಗದೆ ಉಳಿದ ಅವೇ ಬೆಳೆಯುತ್ತವೆ. ಗೆಫಿಟಿನಿಬ್ ಕೈಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಟಿ 790 ಎಂ ಎಂಬ ಈ ದೋಷವೇ ಕಾರಣ. ಅಕ್ಕನ ರಕ್ತ ಪರೀಕ್ಷೆಯಲ್ಲೂ ಅದೇ ಕಂಡಿತು. ಅದಕ್ಕೂ ಮದ್ದಿತ್ತು. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಓಸಿಮರ್ಟಿನಿಬ್. ಆದರೆ ಅದರ ಬೆಲೆ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು. ಮಗ ಹೊಲ ಮಾರುತ್ತೇನೆಂದ. ಅಕ್ಕ ಬಿಲ್‌ಕುಲ್ ಒಪ್ಪಲಿಲ್ಲ. "ಹೊಲ ಹೋದರೆ ಮಕ್ಕಳು ಏನು ತಿಂತಾವೆ? ನನಗೆ ಸಿಕ್ಕಿದ್ದು ಸಾಕು," ಎಂದರು. ಕೀಮೋಥೆರಪಿ ಕೊಟ್ಟರು, ಕೆಲವು ತಿಂಗಳು ತಡೆಯಿತು. 2020ರ ಜನವರಿಯಲ್ಲಿ, ಪೊಂಗಲ್ ಕಳೆದ ವಾರದಲ್ಲಿ ಅಕ್ಕ ತೀರಿಕೊಂಡರು.

ಔಷಧಿ ಇದೆ ಎಂದು ಗೊತ್ತಿದ್ದೂ ಕೈಗೆಟುಕದಿರುವುದು ಎಂಥ ನೋವು ಎಂಬುದನ್ನು ಆ ಮನೆಯಲ್ಲಿ ಕಂಡೆ. ಹಾಗಾಗಿ ಅಲ್ಲಿಂದೀಚೆಗೆ ಈ ವಿಷಯದ ಸುದ್ದಿ ಎಲ್ಲಿ ಬಂದರೂ ಓದುತ್ತೇನೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 350 ರೋಗಿಗಳ ಮೇಲೆ ಅಧ್ಯಯನ ನಡೆಸಿ, ಗೆಫಿಟಿನಿಬ್ ಜೊತೆಗೆ ಕೀಮೋಥೆರಪಿಯನ್ನೂ ಸೇರಿಸಿ ಕೊಟ್ಟರೆ ಕಾಯಿಲೆ ಹತೋಟಿಯಲ್ಲಿರುವ ಅವಧಿ 8 ತಿಂಗಳಿಂದ 16 ತಿಂಗಳಿಗೆ ಏರುತ್ತದೆ ಎಂದು 2019ರಲ್ಲಿ ಪ್ರಕಟಿಸಿದರು. ಅಡ್ಡಪರಿಣಾಮ ಹೆಚ್ಚು, ನಿಜ. ಆದರೆ ಕಡಿಮೆ ಬೆಲೆಯ ಔಷಧಿಗಳಲ್ಲೇ ಆದ ಸಾಧನೆಯಿದು. ಬಹುಕಾಲ ಯಾವ ಮದ್ದಿಗೂ ಸಿಗದಿದ್ದ ಕೆರಾಸ್‌ನ ಒಂದು ದೋಷಕ್ಕೆ 2021ರಲ್ಲಿ ಅಮೆರಿಕದಲ್ಲಿ ಮೊದಲ ಮಾತ್ರೆ ಒಪ್ಪಿಗೆ ಪಡೆಯಿತು. 2024ರ ಜುಲೈ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಓಸಿಮರ್ಟಿನಿಬ್ ಸೇರಿದಂತೆ ಮೂರು ಕ್ಯಾನ್ಸರ್ ಔಷಧಿಗಳಿಗೆ ಆಮದು ಸುಂಕ ತೆಗೆಯಿತು. ಬಡವರ ಕೈಗೆ ಎಟುಕಲು ಇಷ್ಟು ಸಾಲದು.

ಕುಟುಂಬಗಳಲ್ಲಿ ನೆನಪಿಡಬೇಕಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಮೂರು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮು ನಿಲ್ಲದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ನಮ್ಮ ದೇಶದಲ್ಲಿ ಟಿ.ಬಿ. ಹೆಚ್ಚು, ಆದ್ದರಿಂದ ಮೊದಲು ಅದನ್ನೇ ನೋಡುವುದು ಸರಿಯೇ. ಆದರೆ ಕಫದಲ್ಲಿ ಕ್ರಿಮಿ ಕಾಣದೆ, ಮಾತ್ರೆಯಿಂದ ಗುಣವೂ ಕಾಣದೆ ಹೋದರೆ ಸ್ಕ್ಯಾನ್ ಬೇಕೇ ಎಂದು ವಿನಯದಿಂದಲೇ ಕೇಳಿ. ಶ್ವಾಸಕೋಶದ ಅಡಿನೋಕಾರ್ಸಿನೋಮ ಎಂದು ವರದಿ ಬಂದರೆ, ಚಿಕಿತ್ಸೆ ಶುರುವಾಗುವ ಮೊದಲೇ ಇ.ಜಿ.ಎಫ್.ಆರ್., ಎ.ಎಲ್.ಕೆ. ಮುಂತಾದ ಪರೀಕ್ಷೆಗಳ ಬಗ್ಗೆ ವಿಚಾರಿಸಿ. ರೋಗಿ ಸೇದುವವರಾಗಿದ್ದರೂ ಕೇಳಿ. ಅವರಲ್ಲೂ ಈ ದೋಷಗಳು ಇರಬಹುದು. ಯಾರೋ ನೆಂಟರಿಗೆ ಗುಣವಾಯಿತೆಂದು ಅವರ ಮಾತ್ರೆಯನ್ನು ನೀವು ನುಂಗಬೇಡಿ. ಖರ್ಚಿನ ಬಗ್ಗೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು, ಸರ್ಕಾರಿ ವಿಮೆಯ ಕೌಂಟರನ್ನು ಮೊದಲ ದಿನವೇ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಗಳಲ್ಲಿ ದಾರಿ ತೋರಿಸುವವರಿದ್ದಾರೆ. ಮನೆಯಲ್ಲಿ ಸೇದುವವರಿದ್ದರೆ ಇಂದೇ ಬಿಡಿ.

2022ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 25 ಲಕ್ಷ ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು, ಸುಮಾರು 18 ಲಕ್ಷ ಜನ ಅದರಿಂದ ಸತ್ತರು. ಸೇದಿದವರಿರಲಿ, ಸೇದದವರಿರಲಿ, ಅವರೊಳಗೆ ನಡೆದದ್ದು ಒಂದೇ: ಕಣ್ಣಿಗೆ ಕಾಣದ ಜೀವಕೋಶವೊಂದರಲ್ಲಿ ಒಂದು ಸಂದೇಶ ಕೆಟ್ಟುಹೋಯಿತು. ನಿಮ್ಮ ಬೀದಿಯಲ್ಲಿ, ನಿಮ್ಮ ಧರ್ಮಕೇಂದ್ರದಲ್ಲಿ ಯಾರಿಗಾದರೂ ಈ ಕಾಯಿಲೆ ಬಂದರೆ ಕಾರಣ ಕೇಳುವುದನ್ನು ವೈದ್ಯರಿಗೆ ಬಿಡಿ. ನೀವು ಒಂದು ಹೊತ್ತಿನ ಊಟ ತೆಗೆದುಕೊಂಡು ಹೋಗಿ, ಆಸ್ಪತ್ರೆಗೆ ಜೊತೆಯಾಗಿ, ಪರೀಕ್ಷೆಯ ಚೀಟಿ ಅರ್ಥವಾಗದೆ ಕುಳಿತ ಮಗನಿಗೆ ನಿಮಗೆ ಗೊತ್ತಿರುವಷ್ಟನ್ನು ಬಿಡಿಸಿ ಹೇಳಿ.